ಬಾಚಮೇನಿಯಾ ರಿವ್ಯೂ: ರಿಂಗಲ್ಲಾದ ಎಡವಟ್ಟುಗಳೆಲ್ಲ ಒಂದೇ ಕಡೆ

ನಮ್ಮಲ್ಲಿ ಡಬ್ಲ್ಯೂಡಬ್ಲ್ಯೂಎಫ್ ನೋಡ್ಕೊಂಡೇ ಬೆಳೆದ ಒಂದು ದೊಡ್ಡ ಬ್ಯಾಚ್ ಇದೆ, ಟ್ರಂಪ್ ಕಾರ್ಡ್ ಇಟ್ಕೊಂಡು ಯೊಕೊಜುನ ತೂಕ ಎಷ್ಟು, ಅಂಡರ್‌ಟೇಕರ್ ಹೈಟ್ ಎಷ್ಟು ಅಂತ ಬಾಯಿಪಾಠ ಒಪ್ಪಿಸ್ತಿದ್ದವರು. ಅವರಲ್ಲಿ ಎಷ್ಟೋ ಜನಕ್ಕೆ ಬಾಚಮೇನಿಯಾ ಅಂತ ಒಂದು ಸೀರೀಸ್ ಇದೆ ಅಂತಾನೇ ಗೊತ್ತಿಲ್ಲ, ಅದಕ್ಕೇ ಬರೀತಿದ್ದೀನಿ. ಇಂಗ್ಲೆಂಡಿನ ಮ್ಯಾಥ್ಯೂ ಗ್ರೆಗ್ ಅನ್ನೋರು (ಫ್ಯಾನ್ಸ್ ಎಲ್ಲ ಮ್ಯಾಫ್ಯೂ ಅಂತಾರೆ) 2007ರಿಂದ ಮಾಡ್ಕೊಂಡು ಬಂದಿರೋ ಫ್ರೀ ವಿಡಿಯೋ ಸೀರೀಸ್ ಇದು, 400ಕ್ಕೂ ಜಾಸ್ತಿ ಎಪಿಸೋಡ್ ಆಗಿದೆ. ಪ್ರೊಫೆಶನಲ್ ರೆಸ್ಲಿಂಗ್ ಅಂದ್ರೆ ಗೆಲ್ಲೋದು ಸೋಲೋದು ಮೊದಲೇ ಬರೆದಿಟ್ಟಿರೋ ಆಟ, ಅದರಲ್ಲಿ ಕಾಲು ಜಾರಿದ್ದು, ಡೈಲಾಗ್ ಮರೆತಿದ್ದು, ಮೈಕ್ ಕೈಕೊಟ್ಟಿದ್ದು, ರೆಫ್ರಿ ಲೆಕ್ಕ ತಪ್ಪಿದ್ದು, ಎಲ್ಲಾ ಹುಡುಕಿ ತಂದು ಹಳೇ ವಿಡಿಯೋ ಗೇಮ್ ಮ್ಯೂಸಿಕ್ ಹಾಕಿ ಜೋಡಿಸ್ತಾರೆ. ದೊಡ್ಡ ಕಂಪನಿಗಳದ್ದು ಮಾತ್ರ ಅಲ್ಲ, ಐವತ್ತು ಕುರ್ಚಿ ಹಾಕಿರೋ ಹಾಲಲ್ಲಿ ಯಾರೋ ಕ್ಯಾಮ್‌ಕಾರ್ಡರಲ್ಲಿ ಹಿಡಿದಿದ್ದೂ ಇರುತ್ತೆ, ನನಗಂತೂ ಆ ಭಾಗಾನೇ ಜಾಸ್ತಿ ಇಷ್ಟ, ಯಾಕಂದ್ರೆ ಅದನ್ನ ಬೇರೆ ಎಲ್ಲೂ ಹುಡುಕಿದ್ರೂ ಸಿಗಲ್ಲ.

ಈಗ ನೇರ ವಿಷಯಕ್ಕೆ ಬರ್ತೀನಿ. ಒಂದೇ ಏಟಿಗೆ ಮುಗಿಯೋ ಎಡವಟ್ಟುಗಳಿಗೆ ಬಾಚಮೇನಿಯಾನ ಮೀರಿಸೋದು ಇನ್ನೊಂದಿಲ್ಲ. ಆದ್ರೆ ಬಿದ್ದಮೇಲೆ ಏನಾಯ್ತು ಅನ್ನೋದ್ರಲ್ಲೇ ಮಜಾ ಇರೋ ಕ್ಲಿಪ್‌ಗಳನ್ನ ಪೂರ್ತಿ ನೋಡಬೇಕು, ಆ ಸ್ಪೀಡ್ ಎಡಿಟಿಂಗಲ್ಲಿ ಅದು ಕೈಗೆ ಸಿಗಲ್ಲ.

ಶಾಕ್‌ಮಾಸ್ಟರ್ ಅನ್ನೋ ಪಾತ್ರದ ಎಂಟ್ರಿನೇ ತಗೊಳ್ಳಿ. 1993ರ ಆಗಸ್ಟ್ 18, ಫ್ಲೋರಿಡಾದ ಡೇಟೋನಾ ಬೀಚ್, ಡಬ್ಲ್ಯೂಸಿಡಬ್ಲ್ಯೂ ಅನ್ನೋ ಆಗಿನ ರೆಸ್ಲಿಂಗ್ ಕಂಪನಿಯವರ ಲೈವ್ ಶೋ. ರೆಸ್ಲರ್ ರಿಕ್ ಫ್ಲೇರ್ ಟಾಕ್ ಶೋ ಸೆಟ್ಟಲ್ಲಿ ಒಂದು ಕಡೆ ಸ್ಟಿಂಗು, ಡೇವಿ ಬಾಯ್ ಸ್ಮಿತ್, ಇನ್ನೊಂದು ಕಡೆ ಸಿಡ್ಡು, ಹಾರ್ಲೆಮ್ ಹೀಟ್ ಅನ್ನೋ ಜೋಡಿ. ನಮ್ಮ ಟೀಮಿನ ಹೊಸ ಪಾರ್ಟ್ನರ್ ಇವನೇ ಅಂತ ಸ್ಟಿಂಗ್ ಗಂಟಲು ಹರ್ಕೊಂಡು ಅನೌನ್ಸ್ ಮಾಡ್ತಾರೆ, ಪಟಾಕಿ ಸಿಡಿಯುತ್ತೆ, ಗೋಡೆ ಒಡ್ಕೊಂಡು ಒಬ್ಬ ದೈತ್ಯ ಬರಬೇಕು. ಬಂದ, ಬಂದವನೇ ಮುಖ ಅಡಿಯಾಗಿ ಬಿದ್ದ. ಗೋಡೆ ಕೆಳಗಡೆ ಅಡ್ಡ ಮರ ಇತ್ತು, ಕಾಲು ಅದಕ್ಕೆ ಸಿಕ್ಕಾಕೊಳ್ತು. ತಲೆ ಮೇಲಿದ್ದಿದ್ದು ಸ್ಟಾರ್ ವಾರ್ಸ್ ಸೈನಿಕರ ಹೆಲ್ಮೆಟ್‌ಗೆ ಮಿಂಚು ಬಳಿದಿದ್ದು, ಅದೂ ಕಳಚಿ ಉರುಳಿಹೋಯ್ತು, ಒಳಗಿದ್ದ ಫ್ರೆಡ್ ಆಟ್ಮನ್ ಮುಖ ಇಡೀ ಅಮೆರಿಕಕ್ಕೆ ಕಾಣಿಸ್ತು. ಇಷ್ಟು ಎರಡು ಸೆಕೆಂಡ್.

ಅಸಲಿ ಮಜಾ ಆಮೇಲಿಂದು. ಆಟ್ಮನ್ ತಡಕಾಡಿ ಹೆಲ್ಮೆಟ್ ಹಾಕ್ಕೊಂಡು ಎದ್ದು ನಿಂತ್ಕೊಳ್ತಾರೆ. ಅವರ ಡೈಲಾಗ್ ಹೇಳ್ತಿರೋದು ಅವರಲ್ಲ, ಪರದೆ ಹಿಂದೆ ಮೈಕ್ ಹಿಡ್ಕೊಂಡು ಕೂತಿರೋ ಓಲೆ ಆಂಡರ್ಸನ್, ದಪ್ಪ ಗಂಟಲಲ್ಲಿ ಧಮಕಿ ಹಾಕ್ತಾನೇ ಇದ್ದಾರೆ. ಆ ದನಿಗೂ ಇಲ್ಲಿ ಕೈ ಆಡಿಸ್ತಿರೋ ಮೈಗೂ ತಾಳಮೇಳ ಇಲ್ಲ. ಬಿದ್ದ ತಕ್ಷಣ ಡೇವಿ ಬಾಯ್ ಸ್ಮಿತ್ ಬೈಕೊಂಡಿದ್ದು ಮೈಕಲ್ಲಿ ಕೇಳ್ಸುತ್ತೆ, ಇನ್ನು ಎದುರಾಳಿಗಳು ನಗು ತಡ್ಕೊಂಡು ಹೆದರಿದವರ ಥರ ನಿಂತಿರಬೇಕು. ಅಷ್ಟು ಆದ್ರೂ ಯಾರೂ ಸೆಗ್ಮೆಂಟ್ ಬಿಟ್ಟು ಹೋಗಲ್ಲ, ಕೊನೇವರೆಗೂ ನಡೆಸ್ತಾರೆ, ಅದನ್ನ ನೋಡಿದಾಗಲೇ ಈ ಕಸುಬಿನ ಮೇಲೆ ನನಗೆ ಪ್ರೀತಿ ಜಾಸ್ತಿ ಆಗೋದು. ಬರೀ ಬಿದ್ದಿದ್ದನ್ನ ಮಾತ್ರ ಕಟ್ ಮಾಡಿ ಹಾಕೋ ರೀಲ್ಸ್‌ನವರು ಇದನ್ನೆಲ್ಲ ಕೊಂದು ಹಾಕ್ತಾರೆ.

ಡಬ್ಲ್ಯೂಡಬ್ಲ್ಯೂಇ (ಹಳೇ ಡಬ್ಲ್ಯೂಡಬ್ಲ್ಯೂಎಫ್) ಕಂಪನಿಯ ಆಗಿನ ಬಾಸ್ ವಿನ್ಸ್ ಮೆಕ್‌ಮಹನ್ ಕ್ಲಿಪ್ ಕೂಡ ಅದೇ ಜಾತಿ. 2005ರ ರಾಯಲ್ ರಂಬಲ್, ಮೇಲಿನ ಹಗ್ಗ ದಾಟಿ ಕಾಲು ನೆಲಕ್ಕೆ ತಾಗಿದವರು ಔಟ್, ಕೊನೇಲಿ ಉಳಿದವರು ಗೆದ್ದ ಹಾಗೆ. ಕೊನೆಗೆ ಬಟಿಸ್ಟಾ, ಸೀನಾ ಇಬ್ಬರೇ ಉಳಿದಿದ್ರು, ಒಂದು ಮೂವ್ ಕೈಕೊಟ್ಟು ಇಬ್ಬರೂ ಒಟ್ಟಿಗೇ ಹಗ್ಗ ದಾಟಿ ನೆಲಕ್ಕೆ ಬಿದ್ರು. ಗೆದ್ದಿದ್ದು ಯಾರು? ರೆಫ್ರಿಗಳು ಇವನು ಅವನು ಅಂತ ಕಿತ್ತಾಡ್ತಿದ್ದಾಗ ವಿನ್ಸ್ ಕೆಂಡಾಮಂಡಲ ಆಗಿ ದಾಪುಗಾಲು ಹಾಕ್ಕೊಂಡು ಬಂದು ರಿಂಗೊಳಗೆ ನುಗ್ಗಿದ್ರು, ನುಗ್ಗೋವಾಗ ಎರಡೂ ತೊಡೆ ಸ್ನಾಯು ಹರಿದುಹೋಯ್ತು. ಎದ್ದು ನಿಲ್ಲೋಕೇ ಆಗ್ತಿಲ್ಲ, ಹಾಗಂತ ವಾಪಸ್ ಹೋಗೋ ಹಾಗೂ ಇಲ್ಲ. ಕಾಲು ಚಾಚ್ಕೊಂಡು ಕೂತಲ್ಲಿಂದಲೇ ಕೂಗಾಡಿ ಮ್ಯಾಚ್ ಮತ್ತೆ ಶುರು ಮಾಡ್ಸಿದ್ರು, ಬಟಿಸ್ಟಾ ಗೆದ್ರು. ಆ ಮುಖದಲ್ಲಿ ನೋವು ಎಷ್ಟು, ಸಿಟ್ಟಿನ ಆಕ್ಟಿಂಗ್ ಎಷ್ಟು ಅಂತ ಬೇರೆ ಮಾಡಿ ಹೇಳೋಕಾಗಲ್ಲ.

ಬಾಚಮೇನಿಯಾ ಸ್ಟೈಲ್ ಗೆಲ್ಲೋದು ಟೈಟಸ್ ಓನೀಲ್ ಥರದ್ದರಲ್ಲಿ. 2018ರ ಏಪ್ರಿಲ್ 27, ಸೌದಿಯ ಜೆಡ್ಡಾದಲ್ಲಿ 50 ಜನರ ಗ್ರೇಟೆಸ್ಟ್ ರಾಯಲ್ ರಂಬಲ್, ನಮ್ಮ ಗ್ರೇಟ್ ಖಲಿ ಕೂಡ ಅದರಲ್ಲಿದ್ರು. ಟೈಟಸ್ ಜೋರಾಗಿ ಓಡ್ಕೊಂಡು ಬಂದು ಎಡವಿ, ಹೊಟ್ಟೆ ಮೇಲೆ ಸೀದಾ ಜಾರಿ ರಿಂಗ್ ಕೆಳಗೆ ಹೋಗಿಬಿಟ್ರು. ಕಾಮೆಂಟರಿಯವರು ನಕ್ಕು ನಕ್ಕು ಮಾತೇ ನಿಂತುಹೋಗಿತ್ತು. ಐದು ಸೆಕೆಂಡಿನ ವಿಷಯ, ಮ್ಯೂಸಿಕ್ ಹಾಕಿದ್ರೆ ಇನ್ನೂ ಚೆಂದ.

ಯಾರೂ ಬೀಳದೇ ನಗಿಸೋ ಕ್ಲಿಪ್ ಬೇಕು ಅಂದ್ರೆ ಸ್ಕಾಟ್ ಸ್ಟೈನರ್ ಅವರ ಗಣಿತ, 2008, ಟಿಎನ್‌ಎ ಅನ್ನೋ ಇನ್ನೊಂದು ಅಮೆರಿಕನ್ ರೆಸ್ಲಿಂಗ್ ಕಂಪನಿ. ಸ್ಯಾಮೋವಾ ಜೋ, ಕರ್ಟ್ ಆಂಗಲ್, ಇವರು, ಮೂರು ಜನರ ಮ್ಯಾಚ್. ಒಬ್ಬರಿಗೊಬ್ಬರು ಆಡಿದ್ರೆ ಜೋ ಗೆಲ್ಲೋ ಚಾನ್ಸ್ 25 ಪರ್ಸೆಂಟ್, ನನ್ನದು 75 ಅಂತಾರೆ, ಮೂರು ಜನ ಅಂದ್ರೆ ತಲಾ 33 ಪೂರ್ಣಾಂಕ 1/3 ಅಂತಾರೆ, ಆದ್ರೆ ಆಂಗಲ್‌ಗೆ ನನ್ನ ಸೋಲ್ಸೋಕಾಗಲ್ಲ ಅಂತ ಗೊತ್ತಿರೋದ್ರಿಂದ ಟ್ರೈನೇ ಮಾಡಲ್ಲ, ಹಂಗಾಗಿ ನನಗೆ 66 ಪೂರ್ಣಾಂಕ 2/3 ಅಂತಾರೆ. ಜೋದು 33 ಪೂರ್ಣಾಂಕ 1/3ರಲ್ಲಿ ಆ 25 ಕಳೆದು 8 ಪೂರ್ಣಾಂಕ 1/3 ಉಳಿಸ್ತಾರೆ, ತಮ್ಮದಕ್ಕೆ ಆ 75 ಕೂಡಿಸ್ಕೊಂಡು 141 ಪೂರ್ಣಾಂಕ 2/3 ಪರ್ಸೆಂಟ್ ನಾನೇ ಗೆಲ್ಲೋದು ಅಂತ ಮುಗಿಸ್ತಾರೆ. ಎಲ್ಲೂ ಮುಖ ಸಡಿಲ ಆಗಲ್ಲ, ಅಷ್ಟು ನಂಬಿಕೆಯಿಂದ ಹೇಳ್ತಾರೆ. ಕೂಡೋದು ಕಳೆಯೋದು ಎಲ್ಲೂ ತಪ್ಪಿಲ್ಲ ಅನ್ನೋದೇ ನನಗೆ ಜಾಸ್ತಿ ಖುಷಿ ಕೊಡೋ ವಿಷಯ. ಇದನ್ನ ಮಾತ್ರ ಕಟ್ ಆಗಿರೋದು ನೋಡಲೇಬೇಡಿ.

ಜಪಾನಿನ ಡಿಡಿಟಿ ರೆಸ್ಲಿಂಗ್ ಕಂಪನಿದು ಬೇರೇನೇ ಲೋಕ. ಅಲ್ಲಿ ಒಂದು ಚಾಂಪಿಯನ್ ಬೆಲ್ಟ್ ಇದೆ, ಯಾವಾಗ ಬೇಕಾದ್ರೂ ಎಲ್ಲಿ ಬೇಕಾದ್ರೂ ಯಾರು ಬೇಕಾದ್ರೂ ಗೆಲ್ಲಬಹುದು, ಏಣಿ ಗೆದ್ದಿದೆ, ಕೊನೆಗೆ ಬೆಲ್ಟೇ ಬೆಲ್ಟನ್ನ ಗೆದ್ದಿದೆ. ರೆಸ್ಲರ್ ಕೋಟಾ ಇಬುಶಿ ಅವರು ಯೊಶಿಹಿಕೊ ಅನ್ನೋ ಗಾಳಿ ಬೊಂಬೆ ಜೊತೆ ಆಡಿರೋ ಮ್ಯಾಚ್ ಪೂರ್ತಿ ನೋಡಿ, ಬೊಂಬೆ ಏಟಿಗೆ ಇಬುಶಿ ಹಾರಿ ಬೀಳೋ ರೀತಿ ನೋಡಿದ್ರೆ ಎಷ್ಟು ವರ್ಷದ ಸಾಧನೆ ಅಂತ ಗೊತ್ತಾಗುತ್ತೆ.

ಮತ್ತೆ ಬಾಚಮೇನಿಯಾ ಕೊರತೆಗಳು. ಕಾಪಿರೈಟ್ ಕಾಟದಿಂದ ವಿಡಿಯೋಗಳು ಎಷ್ಟೋ ಸಲ ಡಿಲೀಟ್ ಆಗಿ ಜಾಗ ಬದಲಾಯ್ಸಿವೆ, ಇವತ್ತು ಸಿಕ್ಕ ಎಪಿಸೋಡ್ ನಾಳೆ ಅದೇ ಲಿಂಕಲ್ಲಿ ಇರುತ್ತೆ ಅಂತ ಗ್ಯಾರಂಟಿ ಇಲ್ಲ. ವರ್ಷಗಟ್ಟಲೆ ಓಡ್ತಿರೋ ಒಳಗಿನ ಜೋಕ್‌ಗಳು ಹೊಸಬರಿಗೆ ಅರ್ಥ ಆಗಲ್ಲ. ಬೈಗುಳ ಇರುತ್ತೆ, ಚಿಕ್ಕ ಮಕ್ಕಳ ಮುಂದೆ ಹಾಕಬೇಡಿ. ಕುತ್ತಿಗೆ ಮೇಲೆ ಕೆಟ್ಟದಾಗಿ ಲ್ಯಾಂಡ್ ಆಗೋ ಕ್ಲಿಪ್ ಬಂದ್ರೆ ನಾನು ಅದನ್ನ ಬಿಟ್ಟು ಮುಂದಕ್ಕೆ ಓಡಿಸ್ತೀನಿ, ಅದು ನಗೋ ವಿಷಯ ಅಲ್ಲ.

5ಕ್ಕೆ 4 ಕೊಡ್ತೀನಿ. ಹೊಸಬರು ಮೊದಲು ಶಾಕ್‌ಮಾಸ್ಟರ್, ಸ್ಟೈನರ್ ಎರಡೂ ಪೂರ್ತಿ ನೋಡಿ, ಆಮೇಲೆ ಬಾಚಮೇನಿಯಾದಲ್ಲಿ ಯಾವುದಾದ್ರೂ ಇತ್ತೀಚಿನ ಎಪಿಸೋಡಿಂದ ಶುರು ಮಾಡಿ, ಹಳೇವು ಕ್ಲಾರಿಟಿ ಕಮ್ಮಿ.