ಕೋಸಿನ ಮೊಲವೋ, ಪಂಜರದ ಹಕ್ಕಿಯೋ?

ಕೀ ಕೊಟ್ಟರೆ ಆಡುವ ಹಳೇ ಫ್ರೆಂಚ್ ಪ್ರಾಣಿ ಗೊಂಬೆಗಳಲ್ಲಿ ನಾನು ಮೂರು ಕೊಂಡೆ, ಒಂದನ್ನು ಮಾರಿದೆ. ಉಳಿದ ಎರಡು, ಕೋಸಿನೊಳಗಿಂದ ಏಳುವ ಮೊಲ ಮತ್ತು ಪಂಜರದಲ್ಲಿ ಹಾಡುವ ಹಕ್ಕಿ, ಪ್ಯಾರಿಸ್‌ನ ನಮ್ಮ ಪುಟ್ಟ ಮನೆಯಲ್ಲಿ ಒಂದೇ ಕಪಾಟಿನಲ್ಲಿವೆ. ಮೊದಲ ಸಲ ಕೊಳ್ಳುವವರು ಮೊಲ ಕೊಳ್ಳಿ. ಯಾಕೆ ಅಂತ ಹೇಳುತ್ತೇನೆ.

ಹಕ್ಕಿಯ ಮುಂದೆ ಮೊಲ ಏನೂ ಅಲ್ಲ, ಅದು ನಿಜ. ನನ್ನ ಹಕ್ಕಿ ಬೊಂತಾಂ ಮನೆತನದವರು ಪ್ಯಾರಿಸ್‌ನಲ್ಲೇ ಮಾಡಿದ್ದು. ಮೈಗೆ ನಿಜವಾದ ಗರಿ. ಪಂಜರದ ಪೀಠದೊಳಗೆ ಒಂದು ತಿದಿ, ಒಂದು ಚಿಕ್ಕ ಸೀಟಿ. ಸೀಟಿಯೊಳಗೆ ಪಿಸ್ಟನ್ ಹಿಂದೆ ಮುಂದೆ ಸರಿದ ಹಾಗೆ ಸ್ವರ ಏರುತ್ತದೆ, ಇಳಿಯುತ್ತದೆ, ಎಷ್ಟು ಸರಿಯಬೇಕು ಅನ್ನುವುದು ಕ್ಯಾಮ್ ಅನ್ನುವ ತಿರುಗುವ ಬಿಲ್ಲೆಯ ಅಂಚಿನ ಏರಿಳಿತದಲ್ಲೇ ಕೊರೆದಿರುತ್ತದೆ, ಹಾಗಾಗಿ ಹಾಡು ಟಕ್ ಟಕ್ ಅನ್ನದೆ ಗಮಕದ ಹಾಗೆ ಜಾರುತ್ತದೆ. ಆದರೆ ತಿದಿಯ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ಎರಡನೇ ಚಳಿಗಾಲಕ್ಕೆ ನನ್ನದು ಸೀಳಿತು. ಕೊಕ್ಕು ಆಡುತ್ತಿದೆ, ಬಾಲ ಕುಣಿಯುತ್ತಿದೆ, ಬರುವುದು ಮಾತ್ರ ಬರೀ ಉಸ್ ಉಸ್. ರಿಪೇರಿಗೆ ನಾಲ್ಕು ತಿಂಗಳು ಕಾದೆ.

ಇನ್ನೊಂದು ತಲೆನೋವು. 1960ರಲ್ಲಿ ಸ್ವಿಟ್ಜರ್ಲೆಂಡಿನ ರೋಜ್ ಕಂಪನಿ ಬೊಂತಾಂ ಅನ್ನು ಕೊಂಡಿತು. ಆಮೇಲೆ ಬಂದ ಪಂಜರಗಳೂ ನೋಡಲು ಹೆಚ್ಚುಕಡಿಮೆ ಹಾಗೇ. ಒಬ್ಬ ವ್ಯಾಪಾರಿ ನನಗೆ ಒಂದನ್ನು ನೂರು ವರ್ಷ ಹಳೆಯದು ಅಂತ ತೋರಿಸಿದ. ತಳ ತಿರುಗಿಸಿ ನೋಡಿದರೆ ಆ ಕಾಲದಲ್ಲಿ ಬಳಕೆಗೇ ಬಂದಿರದ ಪ್ಲಸ್ ಗುರುತಿನ ಸ್ಕ್ರೂ! ಸುಮ್ನೆ ವಾಪಸ್ ಇಟ್ಟು ಬಂದೆ.

ಮಾರಿದ್ದು ಕರಡಿ. ರೂಲೆ-ದೆಕಾಂ ಅವರದು. 1866ರಲ್ಲಿ ಜಾಂ ರೂಲೆ ಶುರು ಮಾಡಿದ ಅಂಗಡಿ ಅದು, ಅಳಿಯ ಎರ್ನೆಸ್ಟ್ ದೆಕಾಂ ಆಮೇಲೆ ಸೇರಿಕೊಂಡ. ಕರಡಿ ಬಾಟಲಿಯಿಂದ ಲೋಟಕ್ಕೆ ಬಗ್ಗಿಸಿ ಬಾಯಿಗೆ ಎತ್ತುತ್ತದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಯಂತ್ರ ಗಟ್ಟಿಮುಟ್ಟು, ತುಪ್ಪಳ ಮಾತ್ರ ಬಟ್ಟೆ ಹುಳಕ್ಕೆ ಹಬ್ಬದೂಟ. ಕಂಕುಳಲ್ಲಿ ಬೋಳು ಕಂಡಾಗಲೇ ಎಚ್ಚೆತ್ತುಕೊಳ್ಳಬೇಕಿತ್ತು, ಆಮೇಲೆ ಹೆಂಡತಿಯ ಉಣ್ಣೆ ಸ್ವೆಟರ್‌ಗೂ ತೂತು ಬಿತ್ತು. ಕರಡಿ ಹೋಯಿತು.

ಮೊಲವೂ ರೂಲೆ-ದೆಕಾಂ ಅವರದೇ. ಬಣ್ಣ ಹಚ್ಚಿದ ಬಟ್ಟೆಯ ಎಲೆಗಳ ಕೋಸು. ಕೀ ಕೊಟ್ಟರೆ ಒಳಗಿನ ಸಂಗೀತ ಶುರುವಾಗುತ್ತದೆ, ಬಿಳಿ ಮೊಲ ಮೆಲ್ಲಗೆ ಎದ್ದು ಕಿವಿ ನಿಮಿರಿಸಿ, ಬಾಯಾಡಿಸಿ, ಯಾರೋ ಬಂದ ಹಾಗೆ ಗಬಕ್ಕನೆ ಒಳಗೆ ಹೋಗುತ್ತದೆ. ಇದಕ್ಕೂ ತುಪ್ಪಳ ಇದೆಯಲ್ವಾ ಅಂತ ಕೇಳಬಹುದು. ಇದೆ, ಆದರೆ ಅಂಗೈಯಷ್ಟು, ವಾರಕ್ಕೊಮ್ಮೆ ಬ್ರಷ್ ಆಡಿಸಿದರೆ ಆಯಿತು. ತಿದಿ ಇಲ್ಲ, ಹರಿಯುವಂಥದ್ದು ಜಾಸ್ತಿ ಏನೂ ಇಲ್ಲ. ನನ್ನದರಲ್ಲಿ ಸಂಗೀತದ ಬಾಚಣಿಗೆಯ, ಅಂದರೆ ಮೀಟಿದಾಗ ಸ್ವರ ಹೊಮ್ಮಿಸುವ ಲೋಹದ ಹಲ್ಲುಗಳ ಪಟ್ಟಿಯ, ಎರಡು ಹಲ್ಲು ಮುರಿದಿವೆ, ರಾಗದ ನಡುವೆ ಒಂದು ಸ್ವರ ಎಗರುತ್ತದೆ. ಈಗ ಅದು ಸರಿಯಾಗಿ ಕೇಳಿಸಿದರೇ ವಿಚಿತ್ರ ಅನಿಸುತ್ತದೇನೋ. ಕೊಳ್ಳುವಾಗ ಎಲೆಯ ಮಡಿಕೆ ಬಿಡಿಸಿ ನೋಡಿ. ಹೊರಗೆ ಮಾಸಿ ಒಳಗೆ ಹಸಿರು ಉಳಿದಿದ್ದರೆ ಒಳ್ಳೆಯದು, ಎಲ್ಲ ಕಡೆ ಒಂದೇ ಹಸಿರಾದರೆ ಹೊಸ ಬಣ್ಣ ಬಿದ್ದಿದೆ ಅಂತಲೇ ಲೆಕ್ಕ.

ಇಷ್ಟಾದರೂ ಹಕ್ಕಿಯೇ ಬೇಕು ಅಂದರೆ ತಗೊಳ್ಳಿ, ತಿದಿ ರಿಪೇರಿಯ ದುಡ್ಡು ಮೊದಲೇ ಎತ್ತಿಟ್ಟುಕೊಂಡು.