8 ಜಿಬಿ ಲ್ಯಾಪ್‌ಟಾಪ್, ಮೂರು ಮೆಷಿನ್: ವರ್ಚುವಲ್‌ಬಾಕ್ಸ್ ಜೊತೆ ನಾಲ್ಕು ತಿಂಗಳು

ಉಡುಪಿ ಕಲ್ಸಂಕದ ಹತ್ತಿರ ನನ್ನದೊಂದು ಡಿಟಿಪಿ, ಝೆರಾಕ್ಸ್ ಅಂಗಡಿ ಉಂಟು. ಲ್ಯಾಪ್‌ಟಾಪ್ ಒಂದೇ. ರ್‍ಯಾಮ್ 8 ಜಿಬಿ, ಅದೂ ಬೋರ್ಡಿಗೇ ಬೆಸುಗೆ ಹಾಕಿದ್ದು. ಜಾಸ್ತಿ ಮಾಡುವ ದಾರಿ ಇಲ್ಲ. ಹಗಲು ಅದರಲ್ಲಿ ನುಡಿ, ಪೇಜ್‌ಮೇಕರ್, ಮದುವೆ ಕಾಗದ. ಶಟರ್ ಎಳೆದ ಮೇಲೆ ಲಿನಕ್ಸ್ (ವಿಂಡೋಸಿನ ಹಾಗೆ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಸರ್ವರ್ ಕಲಿಯುವ ಹುಚ್ಚು. ಹಚ್ಚಿದ್ದು ಮಣಿಪಾಲದಲ್ಲಿ ಓದುವ ಅಕ್ಕನ ಮಗ. "ಚಿಕ್ಕಮ್ಮ, ಒಂದು ವೆಬ್ ಸರ್ವರ್, ಒಂದು ಡೇಟಾಬೇಸ್, ಒಂದು ಕ್ಲೈಂಟ್. ಮೂರೂ ಒಟ್ಟಿಗೆ ಓಡ್ಬೇಕು, ಆಗ ಗೊತ್ತಾಗ್ತದೆ" ಅಂದ. ಮೂರು ಕಂಪ್ಯೂಟರ್ ತರುವುದು ಎಲ್ಲಿಂದ? ವರ್ಚುವಲ್‌ಬಾಕ್ಸ್ ಹಾಕಿದೆ. ಒಂದೇ ಕಂಪ್ಯೂಟರಿನ ಒಳಗೆ ಬೇರೆ ಬೇರೆ ಕಂಪ್ಯೂಟರ್ ಇದ್ದ ಹಾಗೆ ಓಡಿಸುವ ಸಾಫ್ಟ್‌ವೇರ್ ಅದು. ಆ ಒಳಗಿನ ಕಂಪ್ಯೂಟರನ್ನೇ ನಾನು ಮೆಷಿನ್ ಅನ್ನುವುದು.

ಇದು ಜರ್ಮನಿಯ ಇನ್ನೋಟೆಕ್ ಎಂಬ ಸಣ್ಣ ಕಂಪನಿಯ ಕೂಸು. 2008ರಲ್ಲಿ ಸನ್ ಕಂಪನಿಯ ಮನೆ ಸೇರಿತು. 2010ರಲ್ಲಿ ಸನ್ ಜೊತೆಗೇ ಒರಾಕಲ್‌ಗೆ ಹೋಯಿತು. ಇಷ್ಟು ಮನೆ ಬದಲಿಸಿದರೂ ಮುಖ್ಯ ಭಾಗ ಇವತ್ತಿಗೂ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟದ್ದು), ಅಂಗಡಿಯಲ್ಲಿ ಬಳಸಿದರೂ ದುಡ್ಡಿಲ್ಲ. ಎಕ್ಸ್‌ಟೆನ್ಶನ್ ಪ್ಯಾಕ್ ಎಂದು ಬೇರೆಯೇ ಒಂದು ಉಂಟು, ಅದು ಸ್ವಂತ ಬಳಕೆಗೆ, ಶಾಲೆ ಕಾಲೇಜಿನ ಕಲಿಕೆಗೆ ಮಾತ್ರ ಉಚಿತ. ನನ್ನ ಹಾಗೆ ವ್ಯಾಪಾರದ ಜಾಗದಲ್ಲಿ ಇರುವವರು ಸುಮ್ನೆ ನೆಕ್ಸ್ಟ್ ನೆಕ್ಸ್ಟ್ ಒತ್ತಿ ಅದನ್ನು ಹಾಕಬೇಡಿ. ಅದಿಲ್ಲದೆ ನನಗೆ ಒಂದು ದಿನವೂ ಕಷ್ಟ ಆಗಿಲ್ಲ.

ಮೊದಲ ರಾತ್ರಿ ನಾನು ಮಾಡಿದ್ದು ಶುದ್ಧ ದಡ್ಡತನ. ಲಿನಕ್ಸಿನದ್ದೇ ಒಂದು ಬಗೆ ಉಬುಂಟು ಡೆಸ್ಕ್‌ಟಾಪ್ ಮೂರು, ಒಂದೊಂದಕ್ಕೆ 2 ಜಿಬಿ. ಉಬುಂಟು ಡೆಸ್ಕ್‌ಟಾಪಿಗೆ ಕಡಿಮೆ ಎಂದರೂ 4 ಜಿಬಿ ಬೇಕು ಎಂದು ಅವರೇ ಹೇಳುತ್ತಾರೆ, ಓದಿದವರು ಯಾರು? ಎರಡರ ಮಗ್ಗಿ ಬರುವವರಿಗೂ ಗೊತ್ತಾಗುತ್ತದೆ, 6 ಜಿಬಿ ಅಲ್ಲಿಗೇ ಹೋಯಿತು. ವಿಂಡೋಸ್ 11 ತನಗೇ ಸುಮಾರು ಮೂರೂವರೆ ಹಿಡಿದುಕೊಂಡು ಕೂತಿತ್ತು. ಮೂರನೆಯದು ಶುರುವಾಗುವ ಹೊತ್ತಿಗೆ ಮೌಸ್ ಕೂಡ ಅಲ್ಲಾಡಲಿಲ್ಲ. ಕೊನೆಗೆ ಪವರ್ ಬಟನ್ ಒತ್ತಿ ಹಿಡಿದೆ. ಪೇಜ್‌ಮೇಕರ್ ತೆರೆದೇ ಇತ್ತು ಎಂಬುದು ಆಮೇಲೆ ನೆನಪಾಯಿತು. ಕಟಪಾಡಿಯವರ ಗೃಹಪ್ರವೇಶದ ಕಾಗದ ಇನ್ನೊಮ್ಮೆ ಟೈಪ್ ಮಾಡಿದೆ.

ತಪ್ಪು ಸಾಫ್ಟ್‌ವೇರಿನದ್ದಲ್ಲ. ಮೆಷಿನ್‌ಗೆ ಕೊಟ್ಟ ರ್‍ಯಾಮ್ ಅದು ಓಡುವಷ್ಟು ಹೊತ್ತು ವಿಂಡೋಸಿಗೆ ಸಿಗುವುದಿಲ್ಲ ಎಂದು ಅದರ ಕೈಪಿಡಿಯಲ್ಲೇ ಇದೆ. ಬಸ್ಸಿನ ಸೀಟಿಗೆ ಕಿಟಕಿಯಿಂದ ಕರವಸ್ತ್ರ ಹಾಕಿದ ಹಾಗೆ. ಕೂತರೂ ಕೂರದಿದ್ದರೂ ಸೀಟು ನಿಮ್ಮದು. ರ್‍ಯಾಮ್ ಕೊಡುವ ಪಟ್ಟಿಯಲ್ಲಿ ಹಸಿರು, ಕೆಂಪು ಬಣ್ಣ ಇರುತ್ತದೆ. ಹಸಿರಿನಲ್ಲಿದ್ದೇನಲ್ಲ ಎಂದು ನಾನು ನಂಬಿದ್ದೆ. ಆ ಬಣ್ಣ ಒಂದು ಮೆಷಿನ್‌ನ ಲೆಕ್ಕ ಹೇಳುತ್ತದೆ. ಮೂರರ ಮೊತ್ತ ನಾವೇ ಹಾಕಬೇಕು.

ಎರಡನೇ ಸಲ ಲಿನಕ್ಸಿನ ಇನ್ನೊಂದು ಬಗೆ ಡೆಬಿಯನ್, ಡೆಸ್ಕ್‌ಟಾಪ್ ಇಲ್ಲದ್ದು. ಬರೀ ಕಪ್ಪು ಪರದೆ. ಇನ್‌ಸ್ಟಾಲ್ ಮಾಡುವಾಗ 1 ಜಿಬಿ ಕೊಟ್ಟೆ, ಆಮೇಲೆ 512 ಎಂಬಿಗೆ ಇಳಿಸಿದೆ. ಏನೂ ಕೆಲಸ ಇಲ್ಲದೆ ಕೂತಾಗ ಅದು 150 ಎಂಬಿಯನ್ನೂ ಮುಟ್ಟುವುದಿಲ್ಲ. ನೋಡಿ ನನಗೆ ನಗು ಬಂತು. ಡೇಟಾಬೇಸ್‌ಗೆ ಮಾರಿಯಾಡಿಬಿ ಹಾಕಿದೆ. ಅದರ ಮುಖ್ಯ ಬಫರ್ ತಾನಾಗಿ 128 ಎಂಬಿ ಇರುತ್ತದೆ, 512ರೊಳಗೆ ಆರಾಮಾಗಿ ಹಿಡಿಯಿತು. ವೆಬ್ ಸರ್ವರ್ ಎಂಜಿನ್‌ಎಕ್ಸ್‌ಗೂ 512. ಕ್ಲೈಂಟ್‌ಗೆ ಆಲ್ಪೈನ್ ಲಿನಕ್ಸ್, 256 ಎಂಬಿ ಸಾಕಾಯಿತು. ಒಟ್ಟು ಒಂದೂಕಾಲು ಜಿಬಿ. ಮೊದಲ ರಾತ್ರಿ ಒಂದು ಮೆಷಿನ್‌ಗೆ ಕೊಟ್ಟದ್ದಕ್ಕಿಂತ ಕಡಿಮೆಯಲ್ಲಿ ಮೂರು!

ನನಗೆ ಬಹಳ ಹಿಡಿಸಿದ್ದು ಹೆಡ್‌ಲೆಸ್ ಸ್ಟಾರ್ಟ್. ಕಿಟಕಿಯೇ ತೆರೆಯದೆ ಮೆಷಿನ್ ಹಿಂದೆ ಓಡುತ್ತದೆ. ವಿಂಡೋಸಿನಲ್ಲೇ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಇನ್ನೊಂದು ಮೆಷಿನ್‌ಗೆ ಕಮಾಂಡ್ ಕೊಡುವ ದಾರಿ) ಉಂಟು, ಒಳಗೆ ಹೋಗಲು ಅಷ್ಟು ಸಾಕು. ಇನ್ನೊಂದು ಸೇವ್ ಸ್ಟೇಟ್. ರಾತ್ರಿ ಪಾಠದ ಮಧ್ಯೆ ಯಾರೋ ಶಟರ್ ತಟ್ಟಿ "ಮೇಡಂ, ಆಧಾರ್ ಒಂದು ಪ್ರಿಂಟ್ ತೆಗೀತೀರಾ" ಅಂದರೆ, ಮೂರನ್ನೂ ಇದ್ದಲ್ಲೇ ಮಲಗಿಸುತ್ತೇನೆ. ರ್‍ಯಾಮ್‌ನಲ್ಲಿದ್ದದ್ದು ಡಿಸ್ಕ್‌ಗೆ ಬರೆದುಕೊಳ್ಳುತ್ತದೆ. ಮೆಷಿನ್ ಸಣ್ಣದಾದ್ದರಿಂದ ಕೆಲವೇ ಸೆಕೆಂಡು. ಪ್ರಿಂಟ್ ಕೊಟ್ಟು ಬಂದು ಎಬ್ಬಿಸಿದರೆ ಕರ್ಸರ್ ಬಿಟ್ಟ ಜಾಗದಲ್ಲೇ ಮಿಣುಕುತ್ತಿರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದಾಗಲೂ ಇದೇ ಉಪಾಯ. ನನ್ನ ಬ್ಯಾಟರಿ ಅರ್ಧ ಗಂಟೆ ಬಂದರೆ ದೊಡ್ಡದು.

ಲಿಂಕ್ಡ್ ಕ್ಲೋನ್, ಅಂದರೆ ಮೂಲ ಮೆಷಿನ್‌ಗೆ ಅಂಟಿಕೊಂಡ ನಕಲು, ಅದರ ಬಗ್ಗೆ ಒಂದು ಮಾತು. ಒಂದು ಡೆಬಿಯನ್ ಮಾಡಿಟ್ಟು ಅದರಿಂದ ಇನ್ನೊಂದು ತೆಗೆದರೆ, ಬದಲಾದ ಭಾಗ ಮಾತ್ರ ಹೊಸ ಫೈಲಿಗೆ ಹೋಗುತ್ತದೆ. ಡಿಸ್ಕ್ ಉಳಿಯುತ್ತದೆ. ರ್‍ಯಾಮ್ ಒಂದು ಚಮಚವೂ ಉಳಿಯುವುದಿಲ್ಲ, ನಾನು ಉಳಿಯುತ್ತದೆ ಅಂದುಕೊಂಡಿದ್ದೆ. ಕ್ಲೋನ್ ಮಾಡುವಾಗ ಹೊಸ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಆರಿಸಿಕೊಳ್ಳಿ, ಒಳಗೆ ಹೋಗಿ ಹೆಸರನ್ನೂ ಬದಲಿಸಿ.

ನೆಟ್‌ವರ್ಕ್ ವಿಷಯದಲ್ಲಿ ಒಂದು ಭಾನುವಾರ ಪೂರ್ತಿ ಹೋಯಿತು. ಯಾವ ಮೆಷಿನ್‌ಗೆ ಹೋಗಿ ನೋಡಿದರೂ ಐಪಿ (ನೆಟ್‌ವರ್ಕಿನ ವಿಳಾಸ) 10.0.2.15. ಕ್ಲೋನ್ ಹಾಳಾಗಿದೆ ಎಂದು ಎರಡು ಸಲ ಅಳಿಸಿ ಮಾಡಿದೆ. ಕೊನೆಗೆ ಅಕ್ಕನ ಮಗನಿಗೆ ಫೋನ್ ಮಾಡಿದರೆ ಅವನಿಗೆ ನಗುವೋ ನಗು. ತಾನಾಗಿ ಬರುವ ನ್ಯಾಟ್ ಎಂಬ ನೆಟ್‌ವರ್ಕ್ ಬಗೆಯಲ್ಲಿ ಎಲ್ಲರಿಗೂ ಅದೇ ಐಪಿ ಅಂತೆ! ಒಬ್ಬೊಬ್ಬರೂ ಅವರವರ ಕೋಣೆಯಲ್ಲಿ ಬಾಗಿಲು ಹಾಕಿ ಕೂತ ಹಾಗೆ, ಒಬ್ಬರಿಗೊಬ್ಬರು ಕಾಣುವುದಿಲ್ಲ. ಎರಡನೇ ಅಡಾಪ್ಟರ್ ಹೋಸ್ಟ್‌-ಓನ್ಲಿ (ಲ್ಯಾಪ್‌ಟಾಪ್ ಮತ್ತು ಒಳಗಿನ ಮೆಷಿನ್‌ಗಳ ನಡುವಿನದ್ದು ಮಾತ್ರ) ಎಂದು ಇಟ್ಟ ಮೇಲೆ 192.168.56 ಸಾಲಿನ ಐಪಿಗಳು ಬಂದವು, ಮೂರೂ ಮಾತಾಡಿಕೊಂಡವು.

ಇನ್ನು ಆಮೆ. ತಮಾಷೆ ಅಲ್ಲ. ಮೆಷಿನ್ ಕಿಟಕಿಯ ಕೆಳಗಿನ ಸಾಲಿನಲ್ಲಿ ಹಸಿರು ಆಮೆಯ ಚಿತ್ರ ಕಂಡರೆ, ವಿಂಡೋಸಿನ ಹೈಪರ್‌-ವಿ (ಮೈಕ್ರೋಸಾಫ್ಟಿನದ್ದೇ ಇಂಥ ವ್ಯವಸ್ಥೆ) ಪ್ರೊಸೆಸರನ್ನು ಮೊದಲೇ ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಬೆನ್ನ ಮೇಲೆ ನಿಧಾನಕ್ಕೆ ಸಾಗುತ್ತಿದೆ ಎಂದರ್ಥ. ರ್‍ಯಾಮ್ ಕಡಿಮೆ ಆದದ್ದಕ್ಕೇ ನಿಧಾನ ಎಂದು ನಾನು ಒಂದು ವಾರ ನಂಬಿದ್ದೆ. ಹೈಪರ್‌-ವಿ ತೆಗೆದು, ಸೆಕ್ಯೂರಿಟಿಯಲ್ಲಿ ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿದ ಮೇಲೆ ಆಮೆ ಹೋಯಿತು. ಆದರೆ ಆ ಇಂಟೆಗ್ರಿಟಿ ರಕ್ಷಣೆಗೇ ಇರುವಂಥದ್ದು. ಹೈಪರ್‌-ವಿ ಪೂರ್ತಿ ಹೋದರೆ ಡಬ್ಲ್ಯುಎಸ್‌ಎಲ್ 2 (ವಿಂಡೋಸಿನೊಳಗೆ ಲಿನಕ್ಸ್ ಓಡಿಸುವ ಮೈಕ್ರೋಸಾಫ್ಟಿನ ದಾರಿ) ಕೂಡ ಓಡುವುದಿಲ್ಲ. ಬೇಕಾ ಬೇಡವಾ ನೀವೇ ನೋಡಿ.

ನನಗೆ ಸಮಾಧಾನ ಇಲ್ಲದ ಜಾಗ ಬಲೂನ್ ಎಂಬ ಸೌಲಭ್ಯ. ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಂಡಕ್ಟರ್ "ಪಿರ ಪೋಲೆ, ಪಿರ ಪೋಲೆ" ಎಂದು ನಿಂತವರನ್ನು ಹಿಂದೆ ತಳ್ಳಿ ಜಾಗ ಮಾಡುತ್ತಾರಲ್ಲ, ಅದೇ ಕೆಲಸ ಇದರದ್ದು. ಓಡುತ್ತಿರುವ ಮೆಷಿನ್‌ನ ಒಳಗೆ ಬಲೂನ್ ಊದಿ, ಅಷ್ಟು ರ್‍ಯಾಮ್ ಹೋಸ್ಟ್‌ಗೆ, ಅಂದರೆ ಹೊರಗಿನ ವಿಂಡೋಸಿಗೆ, ವಾಪಸ್ ಕೊಡಿಸುತ್ತದೆ. ದೊಡ್ಡ ಡೇಟಾ ತುಂಬುವಾಗ ಡೇಟಾಬೇಸ್ ಮೆಷಿನ್‌ಗೆ 1 ಜಿಬಿ ಕೊಟ್ಟು, ಆಮೇಲೆ 400 ಎಂಬಿ ಹೀಗೆ ಹಿಂದೆ ತೆಗೆದುಕೊಂಡೆ. ಚೆನ್ನಾಗಿಯೇ ಆಯಿತು. ಆದರೆ ಒಳಗಿನ ಮೆಷಿನ್‌ನಲ್ಲಿ ಗೆಸ್ಟ್ ಅಡಿಷನ್ಸ್ ಎಂಬ ಸಹಾಯಕ ಸಾಫ್ಟ್‌ವೇರ್ ಹಾಕಿರಬೇಕು, ಅದಕ್ಕೆ ಜಿಸಿಸಿ, ಮೇಕ್, ಕರ್ನಲ್ (ಲಿನಕ್ಸಿನ ತಿರುಳು) ಹೆಡರ್ ಎಲ್ಲ ಬೇಕು. ಊದುವುದಕ್ಕೂ ಇಳಿಸುವುದಕ್ಕೂ ಕಮಾಂಡ್ ನಾವೇ ಹಾಕಬೇಕು. ಬಸ್ ತುಂಬಿತೆಂದು ತಾನಾಗಿ ಕೂಗುವ ಕಂಡಕ್ಟರ್ ಅಲ್ಲ ಇದು, ನಾವು ಹೋಗಿ ಅವನ ಕಿವಿಯಲ್ಲಿ ಹೇಳಬೇಕು.

ಲಿನಕ್ಸೇ ಹೋಸ್ಟ್ ಆಗಿದ್ದರೆ ಅದರದ್ದೇ ಇಂಥ ವ್ಯವಸ್ಥೆ ಕೆವಿಎಂ ಕಡೆ ಹೋಗುತ್ತಿದ್ದೆ. ಅಲ್ಲಿ ಕೆಎಸ್‌ಎಂ ಎಂದು ಒಂದುಂಟು, 2009ರಿಂದ ಕರ್ನಲ್‌ನಲ್ಲೇ ಇದೆ. ಬೇರೆ ಬೇರೆ ಮೆಷಿನ್‌ಗಳ ರ್‍ಯಾಮ್‌ನಲ್ಲಿ ಒಂದೇ ಥರದ ಪುಟಗಳಿದ್ದರೆ ಒಂದನ್ನು ಇಟ್ಟುಕೊಂಡು ಎಲ್ಲರಿಗೂ ಹಂಚುತ್ತದೆ. ಅವಳಿ ಡೆಬಿಯನ್‌ಗಳಿಗೆ ಹೇಳಿ ಮಾಡಿಸಿದ್ದು. ಆದರೆ ಪೇಜ್‌ಮೇಕರ್ ಬಿಟ್ಟರೆ ನನ್ನ ಊಟ ನಡೆಯಬೇಕಲ್ಲ ಮಾರಾಯ್ರೆ.

"ಕಂಟೇನರ್ ಹಾಕಿ ಚಿಕ್ಕಮ್ಮ, ಇನ್ನೂ ಕಡಿಮೆ ರ್‍ಯಾಮ್ ಸಾಕು" ಎಂದು ಹುಡುಗ ಈಗ ಹೊಸ ರಾಗ ಶುರು ಮಾಡಿದ್ದಾನೆ. ಕಡಿಮೆ ಸಾಕು, ನಿಜ. ಕಂಟೇನರ್ ಪೂರ್ತಿ ಮೆಷಿನ್ ಅಲ್ಲ, ಪ್ರೋಗ್ರಾಮ್‌ಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟ ಹಾಗೆ. ಅವು ಒಂದೇ ಕರ್ನಲ್ ಹಂಚಿಕೊಳ್ಳುತ್ತವೆ. ನನಗೆ ಬೂಟ್ ಕೆಡಿಸಿ ಸರಿ ಮಾಡಬೇಕು, ಡಿಸ್ಕ್ ತುಂಬಿಸಿ ನೋಡಬೇಕು. ಸ್ನ್ಯಾಪ್‌ಶಾಟ್ (ಬೇಕೆಂದಾಗ ಹಿಂದಿನ ಸ್ಥಿತಿಗೆ ಮರಳಲು ಉಳಿಸಿದ ಪ್ರತಿ) ತೆಗೆದಿಟ್ಟು ಮೆಷಿನ್ ಹಾಳು ಮಾಡುವ ಸುಖ ಬೇರೆ.

ವಿಂಡೋಸ್ 11 ಅನ್ನೂ ಒಳಗೆ ಓಡಿಸಬಹುದಾ ಎಂದು ಪಕ್ಕದ ಮೊಬೈಲ್ ಅಂಗಡಿಯವರು ಕೇಳಿದರು. ಅದಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್ ಬೇಕು. 8 ಜಿಬಿಯವರು ಆ ಆಸೆ ಬಿಡಿ ಅಂದೆ. ಅವರ ಲ್ಯಾಪ್‌ಟಾಪ್ 4 ಜಿಬಿಯದ್ದಂತೆ.