ಮನೆಗಳ್ಳತನ ಎಷ್ಟು? ಒಂದೇ ಪ್ರಶ್ನೆ ಹಿಡಿದು ಮೂರು ಕಡೆ ಹುಡುಕಿದ್ದು

ಅಮೆರಿಕದಲ್ಲಿ ಮನೆಗಳ್ಳತನ ಜಾಸ್ತಿಯಾಗಿದೆಯಾ, ಕಡಿಮೆಯಾಗಿದೆಯಾ? ನನ್ನ ಸಂಶೋಧನೆಗೆ ಬೇಕಿದ್ದದ್ದು ಇಷ್ಟೇ. ಮೂರು ಕಡೆ ಹುಡುಕಿದೆ. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಕ್ರೈಮ್ ಡೇಟಾ ಎಕ್ಸ್‌ಪ್ಲೋರರ್ ಎಂಬ ಜಾಲತಾಣ, ಎನ್‌ಸಿವಿಎಸ್ ಎಂಬ ಸಂತ್ರಸ್ತರ ಸಮೀಕ್ಷೆ, ಮಿಷಿಗನ್ ವಿಶ್ವವಿದ್ಯಾಲಯದ ಎನ್‌ಎಸಿಜೆಡಿ ಎಂಬ ದತ್ತಾಂಶ ಸಂಗ್ರಹ.

ಎಫ್‌ಬಿಐನದು ಬಳಸೋಕೆ ಎಲ್ಲಕ್ಕಿಂತ ಸುಲಭ. ರಾಜ್ಯ ಆರಿಸಿ, ಅಪರಾಧ ಆರಿಸಿ, ಗ್ರಾಫ್ ಬರುತ್ತದೆ. ಒಂದೊಂದು ಊರಿನ ಪೊಲೀಸರ ಲೆಕ್ಕವೂ ಸಿಗುತ್ತದೆ. 1930ರಿಂದ ಎಫ್‌ಬಿಐ ಈ ಲೆಕ್ಕ ಕೂಡಿಸುತ್ತಿದೆ. ಆದರೆ ಪೊಲೀಸರ ಕಿವಿಗೆ ಬಿದ್ದದ್ದು ಮಾತ್ರ ಇಲ್ಲಿರುತ್ತದೆ. ಹಳೆಯ ಪದ್ಧತಿಯಲ್ಲಿ ಒಂದು ಘಟನೆಯಲ್ಲಿ ಹಲವು ಅಪರಾಧ ನಡೆದರೆ ಅತಿ ಗಂಭೀರವಾದದ್ದನ್ನಷ್ಟೇ ಎಣಿಸುತ್ತಿದ್ದರು. ಕಳ್ಳ ಮನೆಗೆ ನುಗ್ಗಿ ಕೊಲೆ ಮಾಡಿದರೆ ಲೆಕ್ಕಕ್ಕೆ ಬರುವುದು ಕೊಲೆ ಮಾತ್ರ. ಘಟನೆವಾರು ವಿವರ ದಾಖಲಿಸುವ ಹೊಸ ಪದ್ಧತಿಯಾದ ನೈಬರ್ಸ್‌ನಲ್ಲಿ (ಎನ್‌ಐಬಿಆರ್‌ಎಸ್) ಒಂದು ಘಟನೆಗೆ 10 ಅಪರಾಧಗಳವರೆಗೆ ದಾಖಲಾಗುತ್ತವೆ. 2021ರಲ್ಲಿ ಇದಕ್ಕೆ ಬದಲಾದಾಗ ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ನಗರಗಳ ಲೆಕ್ಕವೇ ಆ ವರ್ಷ ಸೇರಲಿಲ್ಲ. ಆ ವರ್ಷದ ಅಂಕಿಯನ್ನು ಹಿಂದಿನ ವರ್ಷದ ಪಕ್ಕ ಸುಮ್ನೆ ಇಟ್ಟು ನೋಡಬೇಡಿ.

ಸಮೀಕ್ಷೆಯ ದಾರಿ ಬೇರೆ. 'ನಿಮ್ಮ ಮೇಲೆ ಅಪರಾಧ ನಡೆದಿದೆಯಾ?' ಅಂತ ಪೊಲೀಸರನ್ನಲ್ಲ, ಜನರನ್ನೇ ಕೇಳುತ್ತಾರೆ. 12 ವರ್ಷ ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನ ಸುಮಾರು 2.4 ಲಕ್ಷ ಜನರನ್ನು ಪ್ರತಿ ವರ್ಷ ಮಾತಾಡಿಸುತ್ತಾರೆ. 'ಇದನ್ನು ಪೊಲೀಸರಿಗೆ ತಿಳಿಸಿದಿರಾ?' ಅಂತಲೂ ಕೇಳುತ್ತಾರೆ. ನನಗೆ ಬಹಳ ಇಷ್ಟವಾದದ್ದು ಈ ಪ್ರಶ್ನೆ. ಹಿಂಸೆಯ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪೊಲೀಸರ ತನಕ ಹೋಗುವುದೇ ಇಲ್ಲ ಅಂತ ಗೊತ್ತಾಗುವುದು ಇಲ್ಲಿಂದಲೇ. ಆದರೆ ಸೂರಿಲ್ಲದವರು, ಜೈಲಿನಲ್ಲಿರುವವರು ಈ ಲೆಕ್ಕದಲ್ಲಿ ಇಲ್ಲ. ಅಪಾಯ ಹೆಚ್ಚಿರುವವರೇ ಅವರು, ಅಲ್ವಾ? ಒಂದು ಊರಿನ ಅಂಕಿಯಂತೂ ಇಲ್ಲಿ ಕೇಳಲೇಬೇಡಿ, ಮಾದರಿ ಅಷ್ಟು ದೊಡ್ಡದಲ್ಲ.

ಇವೆರಡನ್ನೂ ಪಕ್ಕಪಕ್ಕ ಇಟ್ಟಾಗ ನಾನು ಎಡವಿದೆ. ಎಫ್‌ಬಿಐ ಪ್ರಮಾಣ ಒಂದು ಲಕ್ಷ ಜನರಿಗೆ. ಸಮೀಕ್ಷೆಯಲ್ಲಿ ಮನೆಗಳ್ಳತನದ ಪ್ರಮಾಣ ಸಾವಿರ ಮನೆಗಳಿಗೆ. ಮೇಲಾಗಿ ಪೊಲೀಸರ ಲೆಕ್ಕದಲ್ಲಿ ಅಂಗಡಿ, ಕಚೇರಿಗೆ ನುಗ್ಗಿದ್ದೂ ಸೇರಿರುತ್ತದೆ. ಸಮೀಕ್ಷೆಯಲ್ಲಿ ಮನೆ ಮಾತ್ರ. ಇದು ಹೊಳೆಯೋಕೆ ನನಗೆ ಎರಡು ದಿನ ಬೇಕಾಯಿತು. ಎರಡೂ ಗೆರೆ ಇಳಿಯುತ್ತಿವೆಯಾ ಅಂತ ನೋಡಬಹುದು. ಒಂದರಿಂದ ಇನ್ನೊಂದನ್ನು ಕಳೆದು 'ಇಷ್ಟು ದೂರು ದಾಖಲಾಗಿಲ್ಲ' ಅನ್ನುವ ಹಾಗಿಲ್ಲ.

ಮೂರನೆಯದಾದ ಎನ್‌ಎಸಿಜೆಡಿಯಲ್ಲಿ ಸಿಗುವುದು ತಯಾರಾದ ಕೋಷ್ಟಕವಲ್ಲ, ಈ ಸಮೀಕ್ಷೆಯಂಥವುಗಳ ಮೂಲ ಫೈಲು. ಎಸ್‌ಪಿಎಸ್‌ಎಸ್, ಸ್ಟೇಟಾ, ಆರ್ ಎಂಬ ಅಂಕಿಅಂಶ ತಂತ್ರಾಂಶಗಳಲ್ಲಿ ಯಾವುದಕ್ಕೆ ಬೇಕೋ ಆ ರೂಪದಲ್ಲಿ. ಬಹಳಷ್ಟು ಉಚಿತ. ಸೂಕ್ಷ್ಮ ಮಾಹಿತಿ ಇರುವ ಫೈಲಿಗೆ ಮಾತ್ರ ಅರ್ಜಿ ಹಾಕಬೇಕು. ಇಲ್ಲಿ ಕೆಲಸ ನಿಧಾನ, ಆದರೂ ನನ್ನ ಮತ ಇದಕ್ಕೇ. ಯಾಕೆಂದರೆ ಪ್ರತಿ ಫೈಲಿನ ಜೊತೆ ಕೋಡ್‌ಬುಕ್ ಇರುತ್ತದೆ. ಯಾವ ಪ್ರಶ್ನೆಯನ್ನು ಯಾವ ಮಾತಿನಲ್ಲಿ ಕೇಳಿದರು, ಉತ್ತರ ಇಲ್ಲದಿದ್ದರೆ ಯಾವ ಅಂಕಿ ಹಾಕಿದರು, ಎಲ್ಲ ಅದರಲ್ಲಿದೆ. ನಾನು ಮೊದಲ ಸಲ ಅದನ್ನು ಓದದೆ ಸಮೀಕ್ಷೆಯ ಸಾಲುಗಳನ್ನು ನೇರವಾಗಿ ಎಣಿಸಿಬಿಟ್ಟೆ. ಪ್ರತಿ ಸಾಲಿಗೂ ಒಂದು ತೂಕ, ಅಂದರೆ ಅದು ದೇಶದ ಎಷ್ಟು ಮಂದಿಯ ಪರವಾಗಿ ನಿಲ್ಲುತ್ತದೆ ಎಂಬ ಸಂಖ್ಯೆ, ಕೊಟ್ಟಿರುತ್ತಾರೆ, ಅದನ್ನು ಹಾಕದೆ ದೇಶದ ಅಂದಾಜು ಬರುವುದಿಲ್ಲ. ಒಂದು ಅಧ್ಯಾಯವನ್ನೇ ಮತ್ತೆ ಬರೆದೆ.

ಕೊಲೆಯ ವಿಷಯವಾದರೆ ಸಮೀಕ್ಷೆ ಕೆಲಸಕ್ಕೆ ಬರುವುದಿಲ್ಲ, ಸತ್ತವರನ್ನು ಕೇಳಲಾಗದು. ಅದಕ್ಕೆ ನಾನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 'ವಂಡರ್' ಎಂಬ ಜಾಲತಾಣ ನೋಡುತ್ತೇನೆ. ಅದು ಮರಣ ಪ್ರಮಾಣಪತ್ರಗಳ ಲೆಕ್ಕ. ಹಾಗಾಗಿ ಪೊಲೀಸರು ವರದಿ ಕಳಿಸದ ಊರಿನ ಕೊಲೆಯೂ ಅಲ್ಲಿರುತ್ತದೆ. ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಸಾವು 10ಕ್ಕಿಂತ ಕಡಿಮೆ ಇದ್ದರೆ ಮಾತ್ರ ಸತ್ತವರ ಗುರುತು ಸಿಗದಿರಲಿ ಅಂತ ಸಂಖ್ಯೆಯನ್ನು ಮರೆಮಾಡುತ್ತಾರೆ. ಅಂಥ ಕಡೆ ಹಲವು ವರ್ಷಗಳನ್ನು ಒಟ್ಟು ಸೇರಿಸಿ ಕೇಳಿದರೆ ಅಂಕಿ ಸಿಗಬಹುದು.